ಶಾಲೆ ಬಿಟ್ಟ ಮೇಲೆ ಸಿಡಿಯುವ ಮಗು: ಆಟಿಸಂ, ಎಡಿಎಚ್‌ಡಿ ಇರುವ ಮಕ್ಕಳ ಮನಸ್ಸನ್ನು ಕಾಯುವ ಕ್ರಮ

ಇಡೀ ದಿನ ಶಾಲೆಯಲ್ಲಿ ತೆಪ್ಪಗಿದ್ದ ಮಗು ಮನೆಯ ಹೊಸ್ತಿಲು ದಾಟಿದ್ದೇ ತಡ, ಬ್ಯಾಗು ಎಸೆದು ಕಿರುಚಲು ಶುರುಮಾಡುತ್ತದೆ. ಮಿಸ್ ಹತ್ತಿರ ಕೇಳಿದರೆ "ಇಲ್ಲೇನೂ ತೊಂದರೆ ಇಲ್ವಲ್ಲ, ತುಂಬಾ ಒಳ್ಳೇ ಹುಡುಗ" ಅನ್ನುತ್ತಾರೆ. ಮನೆಯಲ್ಲಿ ಅಜ್ಜಿ "ಮುದ್ದು ಮಾಡಿ ಕೆಡಿಸಿದ್ದೀರಿ" ಅನ್ನುತ್ತಾರೆ. ಇಬ್ಬರೂ ಕಂಡದ್ದನ್ನೇ ಹೇಳುತ್ತಿದ್ದಾರೆ. ಇಬ್ಬರಿಗೂ ಕಾಣದ್ದು ಒಂದಿದೆ: ಆ ಮಗು ಆರೇಳು ಗಂಟೆ ಸದ್ದು, ನೂಕುನುಗ್ಗಲು, ಬೈಗುಳದ ಭಯ, ಅರ್ಥವಾಗದ ಮಾತುಗಳನ್ನೆಲ್ಲ ಒಳಗೇ ಅದುಮಿಟ್ಟುಕೊಂಡು, ಉಳಿದವರಂತೆ ಕಾಣಿಸಿಕೊಳ್ಳಲು ಹೆಣಗಿ, ನಂಬಿಕೆ ಇರುವ ಜಾಗಕ್ಕೆ ಬಂದು ಸಡಿಲಾಗಿದೆ.

ಹೀಗೆ ತಿಂಗಳುಗಟ್ಟಲೆ ನಡೆದರೆ ಆತಂಕ, ಖಿನ್ನತೆ, ಶಾಲೆಗೇ ಹೋಗಲಾರದ ಸ್ಥಿತಿ ಬರಬಹುದು. ತಡೆಯಲು ಹೊರಡುವ ತಂದೆತಾಯಂದಿರು ಸಾಮಾನ್ಯವಾಗಿ ಎಡವುವುದು ಒಂದೇ ಕಡೆ. ಬುದ್ಧಿ ಹೇಳುವುದು, ಸ್ಟಾರ್ ಚಾರ್ಟು (ಒಳ್ಳೆಯ ನಡವಳಿಕೆಗೆ ನಕ್ಷತ್ರ ಅಂಟಿಸುವ ಪಟ್ಟಿ), ವಾರಕ್ಕೆ ನಾಲ್ಕು ಥೆರಪಿ ಎಂದು ಕೊನೆಗೆ ಬರಬೇಕಾದದ್ದನ್ನು ಮೊದಲು ಮಾಡುತ್ತಾರೆ. ಮಗುವಿನ ಮೇಲಿನ ಹೊರೆ ಇಳಿಯದೆ ಇವು ಯಾವುವೂ ಹಿಡಿಯುವುದಿಲ್ಲ, ಹೊರೆಗೆ ಹೊರೆ ಸೇರುತ್ತದೆ ಅಷ್ಟೇ. ಆದ್ದರಿಂದ ಕೆಳಗಿನ ಹಂತಗಳ ಕ್ರಮ ಬದಲಿಸಬೇಡಿ.

ಆಟಿಸಂ (ಬೇರೆಯವರೊಡನೆ ಬೆರೆಯುವ, ಸದ್ದು-ಸ್ಪರ್ಶ ಗ್ರಹಿಸುವ ರೀತಿ ಹುಟ್ಟಿನಿಂದಲೇ ಬೇರೆಯಾಗಿರುವುದು), ಎಡಿಎಚ್‌ಡಿ (ಗಮನ ನಿಲ್ಲಿಸಲು, ಒಂದು ಕಡೆ ಕೂರಲು, ತಡೆದುಕೊಳ್ಳಲು ಕಷ್ಟವಾಗುವುದು) ಇರುವ, ಆರರಿಂದ ಹದಿನೆಂಟು ವರ್ಷದವರೆಗಿನ ಮಕ್ಕಳಿಗೆ ಇದು ಅನ್ವಯಿಸುತ್ತದೆ. ರೋಗನಿರ್ಣಯದ ಕಾಗದ ಇನ್ನೂ ಕೈಗೆ ಬಂದಿಲ್ಲದಿದ್ದರೂ ಮೊದಲ ಐದು ಹಂತ ಶುರುಮಾಡಬಹುದು.

ಶುರುಮಾಡುವ ಮುನ್ನ: ಒಂದು ದಿನವೂ ಕಾಯಬಾರದ ಲಕ್ಷಣಗಳು

"ನಾನು ಇರಬಾರದಿತ್ತು", "ಸತ್ತರೆ ಎಲ್ಲರಿಗೂ ಆರಾಮ" ಎಂಬಂಥ ಮಾತು, ಕೈ ಕೊಯ್ದುಕೊಂಡ ಗುರುತು, ತಲೆಯನ್ನು ಗೋಡೆಗೆ ಜಜ್ಜಿಕೊಳ್ಳುವುದು ಹೆಚ್ಚುತ್ತಿರುವುದು, ಪ್ರಿಯವಾದ ವಸ್ತುಗಳನ್ನು ಇದ್ದಕ್ಕಿದ್ದಂತೆ ಬೇರೆಯವರಿಗೆ ಕೊಟ್ಟುಬಿಡುವುದು, ಊಟ-ನೀರು ಬಿಟ್ಟಿರುವುದು, ಬರುತ್ತಿದ್ದ ಮಾತು, ಸ್ನಾನ-ಶೌಚದ ರೂಢಿ ತಪ್ಪಿಹೋಗಿರುವುದು. ಇವುಗಳಲ್ಲಿ ಒಂದು ಕಂಡರೂ ಅಂದೇ ವೈದ್ಯರ ಬಳಿ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ದಿನದ 24 ಗಂಟೆಯೂ ಇದೆ, ಕನ್ನಡದಲ್ಲಿ ಮಾತಾಡಬಹುದು, ಹಣ ಕೊಡಬೇಕಿಲ್ಲ. ಜೀವಕ್ಕೆ ಅಪಾಯ ಎದುರಿಗೇ ಇದ್ದರೆ 112ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.

ಆಟಿಸಂ ಇರುವ ಮಕ್ಕಳು ಸಾವಿನ ಮಾತನ್ನು ಮುಖದಲ್ಲಿ ಯಾವ ಭಾವವೂ ಇಲ್ಲದೆ, ಹೋಂವರ್ಕಿನ ವಿಷಯ ಹೇಳಿದಷ್ಟೇ ಸಪ್ಪೆಯಾಗಿ ಹೇಳಬಹುದು. ಅಳಲಿಲ್ಲವೆಂದು ಅದನ್ನು ಹಗುರ ಮಾಡಬೇಡಿ. "ಸಾಯಬೇಕು ಅಂತ ಅನ್ನಿಸ್ತಾ ಇದೆಯಾ?" ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುಬಿಡುತ್ತದೆ ಎಂಬುದು ತಪ್ಪು ನಂಬಿಕೆ.

ಹೊಲದ ಕೀಟನಾಶಕ, ಇಲಿ ಪಾಷಾಣ, ಅಜ್ಜ-ಅಜ್ಜಿಯ ಬಿಪಿ-ಸಕ್ಕರೆ ಮಾತ್ರೆ ಇವತ್ತೇ ಬೀಗದೊಳಗೆ ಹೋಗಲಿ. ಆ ಬೀಗದ ಕೈ ಗೋಡೆಯ ಮೊಳೆಗೆ ನೇತಾಡುತ್ತಿದ್ದರೆ ಬೀಗ ಹಾಕಿಯೂ ಪ್ರಯೋಜನವಿಲ್ಲ.

ಬೇಕಾಗುವ ಸಾಮಾನು

200 ಪುಟದ ಒಂದು ನೋಟ್‌ಬುಕ್ಕು, ಸಣ್ಣ ವೈಟ್‌ಬೋರ್ಡು ಅಥವಾ ಸ್ಲೇಟು, ಮುಳ್ಳಿನ ಗಡಿಯಾರ, ಕಿವಿ ಮುಚ್ಚುವ ಇಯರ್‌ಮಫ್, ಕೆಂಪು-ಹಳದಿ-ಹಸಿರು ರಟ್ಟಿನ ಮೂರು ಚೂರು. ಮಗು ಒಂಟಿಯಾಗಿ ತಣ್ಣಗೆ ಕೂರಲು ಮನೆಯಲ್ಲಿ ಒಂದು ಮೂಲೆ. ಪ್ರತ್ಯೇಕ ಕೋಣೆ ಬೇಕೇ ಬೇಕು ಎಂದೇನಿಲ್ಲ. ಬೀರುವಿನ ಪಕ್ಕದ ಮೂರಡಿ ಜಾಗಕ್ಕೆ ಹಳೆಯ ಸೀರೆ ಅಡ್ಡ ಕಟ್ಟಿ ಚಾಪೆ ಹಾಸಿದರೂ ಸಾಕು. ದುಬಾರಿ ಸೆನ್ಸರಿ ಆಟಿಕೆಗಳ (ಸ್ಪರ್ಶ, ಸದ್ದು, ಬೆಳಕಿನ ಅನುಭವಕ್ಕೆಂದು ಮಾಡಿದವು) ಪೆಟ್ಟಿಗೆ ಈಗ ಕೊಳ್ಳಬೇಡಿ. ಮಗುವಿಗೆ ಯಾವುದು ಹಿತ, ಯಾವುದು ಹಿಂಸೆ ಎಂದು ತಿಳಿಯುವ ಮುಂಚೆ ಕೊಂಡದ್ದು ಅಟ್ಟ ಸೇರುತ್ತದೆ.

ಹಂತ 1: ಮನೆಗೆ ಬಂದ ಮೊದಲ ಒಂದು ಗಂಟೆ ಖಾಲಿ ಬಿಡಿ

ಎಲ್ಲಕ್ಕಿಂತ ಬೇಗ ಫಲ ಕೊಡುವ ಬದಲಾವಣೆ ಇದು. ನಾಳೆಯೇ ಶುರುಮಾಡಿ. ಈ ಒಂದು ಗಂಟೆ ಪ್ರಶ್ನೆ ಇಲ್ಲ, ಟ್ಯೂಷನ್ ಇಲ್ಲ, ಬಂದ ನೆಂಟರ ಮುಂದೆ ಹಾಡು ಹೇಳಿಸುವುದಿಲ್ಲ.

ಬಾಗಿಲು ತೆಗೆದಾಗ "ಬಾ ಕಂದ" ಎಂಬಷ್ಟೇ ಮಾತು. "ಇವತ್ತು ಏನು ಕಲಿಸಿದ್ರು? ಡಬ್ಬಿ ಖಾಲಿ ಮಾಡಿದ್ಯಾ? ಡೈರಿ ತೋರ್ಸು" ಎಂಬ ಮೂರು ಪ್ರಶ್ನೆ ನಮಗೆ ಪ್ರೀತಿ. ದಣಿದ ಮಗುವಿಗೆ ಅದು ಎಂಟನೆಯ ಪೀರಿಯಡ್ಡು. ಯೂನಿಫಾರಂ ಬದಲಿಸುವುದು ಮಗುವಿಗೆ ಹಿತವೆನಿಸಿದರೆ ಮೊದಲು ಅದು. ಕೈಕಾಲು ತೊಳೆಯುವುದೇ ಜಗಳವಾಗುವಂತಿದ್ದರೆ ಒಂದು ಗಂಟೆ ತಡವಾದರೂ ನಡೆಯುತ್ತದೆ.

ತಿಂಡಿ ದಿನವೂ ಒಂದೇ ಜಾಗದಲ್ಲಿ, ಕೇಳುವ ಮೊದಲೇ ಇರಲಿ: ಒಗ್ಗರಣೆ ಅವಲಕ್ಕಿ, ಬಾಳೆಹಣ್ಣು, ಚುರುಮುರಿ, ಮಗು ತಿನ್ನುವಂಥದ್ದು. ಚುರುಮುರಿ, ಚಕ್ಕುಲಿಯಂಥ ಕುರುಕಲು ಜಗಿಯುವುದು ಎಷ್ಟೋ ಮಕ್ಕಳನ್ನು ಶಾಂತಗೊಳಿಸುತ್ತದೆ. ಆ ಹೊತ್ತಿಗೆ ಮಿಕ್ಸಿ ಹಾಕಬೇಡಿ. ಚಟ್ನಿ ನಾಲ್ಕು ಗಂಟೆಗೆ ಮುಂಚೆಯೇ ಆಗಿರಲಿ. ಕುಕ್ಕರ್ ಸೀಟಿ, ಟಿವಿ ಸೀರಿಯಲ್ಲಿನ ಹಿನ್ನೆಲೆ ಸಂಗೀತ, ಜೋರು ಒಗ್ಗರಣೆಯ ಘಾಟು ಇವೂ ಲೆಕ್ಕಕ್ಕೆ ಬರುತ್ತವೆ.

ಎಡಿಎಚ್‌ಡಿ ಇರುವ ಮಗುವಿಗೆ ಮೌನಕ್ಕಿಂತ ಮೈ ದಣಿಸುವುದು ಬೇಕಾಗಬಹುದು: ಸೈಕಲ್ಲು, ಅಂಗಳದಲ್ಲಿ ಓಟ, ಹಾಸಿಗೆಯ ಮೇಲೆ ಕುಣಿತ. ಆಟಿಸಂ ಮತ್ತು ಎಡಿಎಚ್‌ಡಿ ಎರಡೂ ಒಟ್ಟಿಗೇ ಇರುವ ಮಕ್ಕಳು ಬಹಳ. ಅವರಿಗೆ ಮೊದಲು ಓಟ, ಆಮೇಲೆ ಮೂಲೆ ಎಂಬ ಕ್ರಮ ಹೊಂದಬಹುದು. ಎರಡನ್ನೂ ನೋಡಿಯೇ ತೀರ್ಮಾನಿಸಬೇಕು.

ಸಾಮಾನ್ಯ ತಪ್ಪು: ಆ ಗಂಟೆಯನ್ನು ಬಹುಮಾನ ಮಾಡುವುದು. "ಒಳ್ಳೆಯವನಾಗಿದ್ದರೆ ಮಾತ್ರ ಮೂಲೆಗೆ ಹೋಗು" ಎಂದರೆ, ತೀರಾ ಬೇಕಾದ ದಿನವೇ ಅದು ಸಿಗದಂತಾಗುತ್ತದೆ. ಮೂಲೆಯನ್ನು ಶಿಕ್ಷೆಗೂ ಬಳಸಬಾರದು.

ಹಂತ 2: ಎರಡು ವಾರ ಬರೆದಿಡಿ, ಬೇರೇನೂ ಬದಲಿಸಬೇಡಿ

ಒಂದು ಗಂಟೆಯ ಬದಲಾವಣೆ ಬಿಟ್ಟರೆ ಈ ಎರಡು ವಾರ ಹೊಸ ಥೆರಪಿ, ಹೊಸ ಪಥ್ಯ, ಹೊಸ ನಿಯಮ ಏನೂ ಬೇಡ. ಐದು ಸಂಗತಿ ಒಟ್ಟಿಗೆ ಬದಲಾದರೆ ಯಾವುದರಿಂದ ಏನಾಯಿತು ಎಂದು ಗೊತ್ತೇ ಆಗುವುದಿಲ್ಲ.

ನೋಟ್‌ಬುಕ್ಕಿನಲ್ಲಿ ದಿನಕ್ಕೆ ಐದು ಸಾಲು ಸಾಕು. ಒಂದು ಮಾದರಿ:

"ಮಂಗಳವಾರ. ನಿದ್ದೆ ರಾತ್ರಿ 10.40ರಿಂದ 6. ಚಪಾತಿ ಅರ್ಧ ವಾಪಸ್, ನೀರಿನ ಬಾಟಲಿ ತುಂಬಿದ್ದಂತೆಯೇ ಇದೆ. ಕ್ಲಾಸ್ ಮಿಸ್ ರಜೆ, ಬೇರೆಯವರು ಬಂದಿದ್ದರು. 4.20ಕ್ಕೆ ಮನೆ. 4.35ಕ್ಕೆ ತಂಗಿ ಟಿವಿ ಹಾಕಿದಳು, ಕಿವಿ ಮುಚ್ಚಿಕೊಂಡ, ಬ್ಯಾಗು ಎಸೆದ. 25 ನಿಮಿಷ. ಆಮೇಲೆ ಕತ್ತಲಲ್ಲಿ ಮಲಗಿದ."

ಇಲ್ಲಿ ಟಿವಿ ಕೊನೆಯ ಕಿಡಿ ಮಾತ್ರ. ಕಡಿಮೆ ನಿದ್ದೆ, ಅರೆಹೊಟ್ಟೆ, ಬಾಯಾರಿಕೆ, ಬದಲಾದ ಮಿಸ್ ಎಂಬ ನಾಲ್ಕು ಕಾರಣ ಬೆಳಿಗ್ಗೆಯಿಂದ ಕೂಡುತ್ತ ಬಂದಿವೆ. ಕಿಡಿಯನ್ನೇ ಕಾರಣವೆಂದು ಬರೆದು ಟಿವಿಯನ್ನೋ ತಂಗಿಯನ್ನೋ ದೂರುವುದು ಈ ಹಂತದ ದೊಡ್ಡ ತಪ್ಪು. "ಹಠ ಮಾಡಿದ", "ಸುಮ್ಮಸುಮ್ಮನೆ ಅತ್ತ" ಎಂಬ ತೀರ್ಪುಗಳನ್ನು ಬರೆಯಬೇಡಿ. ಕಣ್ಣಿಗೆ ಕಂಡದ್ದು, ಗಂಟೆ, ನಿಮಿಷ ಬರೆಯಿರಿ. ಈ ಪುಸ್ತಕ ಮುಂದೆ ವೈದ್ಯರಿಗೂ ಶಾಲೆಗೂ ಬೇಕಾಗುತ್ತದೆ. ಭಾನುವಾರ ಮತ್ತು ರಜೆಯ ದಿನಗಳನ್ನು ಬಿಡಬೇಡಿ: ರಜೆಯಲ್ಲಿ ಸಿಡಿತ ಅರ್ಧಕ್ಕರ್ಧ ಇಳಿದರೆ ಹೊರೆ ಶಾಲೆಯದ್ದು ಎನ್ನಲು ಅದೇ ಆಧಾರ.

ಸದ್ದಿಲ್ಲದೆ ಕುಸಿಯುವ ಮಕ್ಕಳೂ ಇದ್ದಾರೆ, ಅದರಲ್ಲೂ ಹೆಣ್ಣುಮಕ್ಕಳು. ಮಾತು ನಿಲ್ಲುತ್ತದೆ, ಕರೆದರೆ ತಲೆ ಎತ್ತುವುದಿಲ್ಲ, ಹೊದ್ದು ಮಲಗುತ್ತಾರೆ. ಗಲಾಟೆ ಇಲ್ಲವೆಂದು ಮನೆಯವರು ನೆಮ್ಮದಿಯಾಗಿರುತ್ತಾರೆ. ಅದನ್ನೂ ಸಿಡಿತದಷ್ಟೇ ಗಂಭೀರವಾಗಿ ಬರೆದಿಡಿ.

ಹಂತ 3: ದೇಹವನ್ನು ತಪಾಸಣೆ ಮಾಡಿಸಿ

"ಆಟಿಸಂ ಅಲ್ವಾ, ಹಾಗೇ ಮಾಡ್ತಾರೆ" ಎಂದು ಹಲ್ಲುನೋವನ್ನೂ ನಡವಳಿಕೆಯ ಲೆಕ್ಕಕ್ಕೆ ಸೇರಿಸುವುದು ಪ್ರತಿದಿನ ನಡೆಯುವ ಅನ್ಯಾಯ. ಒಳಗಿನ ನೋವು, ಹಸಿವು, ಮೂತ್ರದ ಒತ್ತಡ ಎಲ್ಲಿಂದ ಬರುತ್ತಿದೆ ಎಂದು ಗುರುತಿಸಿ ಹೇಳುವುದು ಈ ಮಕ್ಕಳಲ್ಲಿ ಎಷ್ಟೋ ಜನರಿಗೆ ಕಷ್ಟ.

ಮಕ್ಕಳ ವೈದ್ಯರ ಹತ್ತಿರ ಇವನ್ನು ಹೆಸರು ಹಿಡಿದು ಕೇಳಿ: ಮಲಬದ್ಧತೆ, ಹಲ್ಲು, ಕಿವಿ, ದೃಷ್ಟಿ, ಥೈರಾಯ್ಡ್, ಕಬ್ಬಿಣಾಂಶ. ಹಿಮೋಗ್ಲೋಬಿನ್ ಸರಿಯಿದ್ದರೂ ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ಕಡಿಮೆಯಿರಬಹುದು. ಹಾಗಾದರೆ ರಾತ್ರಿ ಕಾಲು ಒದರಿಕೊಂಡು ನಿದ್ದೆ ಕೆಡಬಹುದು. ದೊಡ್ಡ ಹುಡುಗಿಯರಲ್ಲಿ ಮುಟ್ಟಿನ ಮುಂಚಿನ ವಾರವನ್ನು ಪುಸ್ತಕದಲ್ಲಿ ಗುರುತು ಹಾಕಿ. ಕೆಲವು ಸೆಕೆಂಡು ನೋಟ ನೆಟ್ಟು, ಮುಟ್ಟಿದರೂ ಎಚ್ಚರವಾಗದಂತೆ ಕಂಡರೆ ಫೋನಿನಲ್ಲಿ ವಿಡಿಯೊ ಮಾಡಿ ತೋರಿಸಿ. ಆಟಿಸಂ ಇರುವವರಲ್ಲಿ ಮೂರ್ಛೆರೋಗ ಉಳಿದವರಿಗಿಂತ ಹೆಚ್ಚು.

ನೀರಿನ ಬಾಟಲಿ ದಿನವೂ ತುಂಬಿಯೇ ವಾಪಸಾಗುತ್ತಿದ್ದರೆ ಶಾಲೆಯ ಶೌಚಾಲಯದ ಬಗ್ಗೆ ಕೇಳಿ. ವಾಸನೆಗೋ ಬೋಲ್ಟಿಲ್ಲದ ಬಾಗಿಲಿಗೋ ಹೆದರಿ ನೀರನ್ನೇ ಬಿಡುವ ಮಕ್ಕಳಿದ್ದಾರೆ.

ಎಡಿಎಚ್‌ಡಿಗೆ ಮೀಥೈಲ್‌ಫೆನಿಡೇಟ್ ಎಂಬ ಔಷಧ ತೆಗೆದುಕೊಳ್ಳುವ ಮಗು ಮಧ್ಯಾಹ್ನ ಹಸಿವಾಗದೆ ಡಬ್ಬಿ ಮುಟ್ಟದಿರಬಹುದು. ಸಂಜೆ ಔಷಧದ ಪ್ರಭಾವ ಇಳಿಯುವ ಹೊತ್ತಿಗೆ ಹಸಿವು, ಕಿರಿಕಿರಿ ಎರಡೂ ಒಟ್ಟಿಗೆ ಬರಬಹುದು. ಬೆಳಗಿನ ತಿಂಡಿ ಮಾತ್ರೆಗೆ ಮುಂಚೆ ಹೊಟ್ಟೆ ತುಂಬ ಆಗಲಿ, ಸಿಡಿತದ ಸಮಯ ವೈದ್ಯರಿಗೆ ತಿಳಿಸಿ. ಡೋಸ್ ನೀವೇ ಬದಲಿಸಬೇಡಿ, ನೀವೇ ನಿಲ್ಲಿಸಬೇಡಿ.

ಹಂತ 4: ಸಿಡಿಯುವ ಹೊತ್ತಿನಲ್ಲಿ ಮಾಡುವುದು, ಬಿಡುವುದು

ಹಠಕ್ಕೂ ಮೆಲ್ಟ್‌ಡೌನ್‌ಗೂ (ಹೊರೆ ಮಿತಿಮೀರಿ, ಹಿಡಿತ ತಪ್ಪಿ ಸಿಡಿಯುವುದಕ್ಕೂ) ವ್ಯತ್ಯಾಸ ನೋಡಿ. ಹಠ ಮಾಡುವ ಮಗು ನೀವು ನೋಡುತ್ತಿದ್ದೀರೋ ಇಲ್ಲವೋ ಎಂದು ಓರೆಗಣ್ಣಲ್ಲಿ ಗಮನಿಸುತ್ತದೆ, ಕೇಳಿದ್ದು ಸಿಕ್ಕರೆ ನಿಲ್ಲಿಸುತ್ತದೆ. ಮೆಲ್ಟ್‌ಡೌನ್‌ನಲ್ಲಿ ಕೇಳಿದ್ದನ್ನು ಕೊಟ್ಟರೂ ನಿಲ್ಲುವುದಿಲ್ಲ, ಮಾತು ಕಿವಿಗೆ ಬಿದ್ದರೂ ತಲೆಗೆ ಹತ್ತುವುದಿಲ್ಲ. ಆದ್ದರಿಂದ ಅಲ್ಲಿ ಬುದ್ಧಿವಾದ, ಬೆದರಿಕೆ, ಚಾಕಲೇಟು ಮೂರೂ ವ್ಯರ್ಥ.

ಒಬ್ಬರೇ ಹತ್ತಿರ ಇರಿ. ಅಜ್ಜಿ, ಅಪ್ಪ, ಪಕ್ಕದ ಮನೆಯವರು ಎಲ್ಲ ಸುತ್ತುವರಿದು "ಏನಾಯ್ತು, ಏನಾಯ್ತು" ಎಂದು ಕೇಳುವುದೇ ಹತ್ತು ನಿಮಿಷದ್ದನ್ನು ಒಂದು ಗಂಟೆಗೆ ಎಳೆಯುತ್ತದೆ. ದೀಪ, ಟಿವಿ, ಜೋರು ಫ್ಯಾನು ಆರಿಸಿ. ಮಗು ತಲೆ ಚಚ್ಚಿಕೊಂಡರೆ ನಡುವೆ ದಿಂಬು ಇಡಿ. ಕೈ ಹಿಡಿದು ಅದುಮಬೇಡಿ. ಅಪಾಯ ತಪ್ಪಿಸಲು ಬಿಟ್ಟು ಬೇರೆ ಯಾವ ಕಾರಣಕ್ಕೂ ಬಲವಂತವಾಗಿ ಹಿಡಿಯಬಾರದು. ಅಪ್ಪಿಕೊಳ್ಳುವುದು ಕೆಲವರಿಗೆ ಹಿತ, ಕೆಲವರಿಗೆ ಸುಟ್ಟಂತೆ. ಶಾಂತವಾಗಿದ್ದ ದಿನ ಕೇಳಿ ತಿಳಿದಿಟ್ಟುಕೊಳ್ಳಿ.

ಮಾತು ಇಷ್ಟೇ: "ನಾನು ಇಲ್ಲೇ ಇದೀನಿ." ಎರಡು ಮೂರು ನಿಮಿಷಕ್ಕೊಮ್ಮೆ, ಅದೇ ದನಿಯಲ್ಲಿ.

ಅಳು ನಿಂತ ತಕ್ಷಣ ಎಲ್ಲ ಮುಗಿಯಿತೆಂದು ತಿಳಿದು ಹೋಂವರ್ಕಿಗೆ ಕೂರಿಸಿದರೆ ಎರಡನೆಯದು ಖಂಡಿತ. ನೀರು ಕೊಡಿ, ಅಂದಿನ ಓದು ಬಿಡಿ. ಏನಾಯಿತೆಂಬ ಮಾತು ಮರುದಿನಕ್ಕೆ. "ನಿನ್ನಿಂದ ಎಲ್ಲರ ಮುಂದೆ ಮಾನ ಹೋಯ್ತು" ಎಂಬುದನ್ನು ಮಾತ್ರ ಎಂದಿಗೂ ಆಡಬೇಡಿ. ಸಿಡಿತದ ನಂತರ ಮಗುವಿನಲ್ಲಿ ಆಗಲೇ ನಾಚಿಕೆ ಇರುತ್ತದೆ. ಖಿನ್ನತೆ ಬೇರು ಬಿಡುವುದು ಆ ನಾಚಿಕೆಯಲ್ಲೇ.

ಹಂತ 5: ಒಳಗಿನದನ್ನು ತೋರಿಸಲು ಮಾತಿಲ್ಲದ ದಾರಿ

"ಬೇಜಾರಾಗಿದೆಯಾ?" ಎಂದರೆ "ಗೊತ್ತಿಲ್ಲ" ಎಂಬ ಉತ್ತರ ಬರುತ್ತದೆ. ಅದು ಮುಚ್ಚಿಡುವುದಲ್ಲ, ನಿಜಕ್ಕೂ ಗೊತ್ತಿಲ್ಲದಿರುವುದು. ಭಾವನೆಯ ಹೆಸರು ಬಿಟ್ಟು ದೇಹ ಕೇಳಿ: ಹೊಟ್ಟೆ ಗಟ್ಟಿಯಾಗಿದೆಯಾ, ಕೈ ಬಿಸಿಯಾ, ಎದೆ ಡಬಡಬ ಅಂತಿದೆಯಾ.

ಮೂರು ರಟ್ಟಿನ ಚೂರು ಈಗ ಬಳಕೆಗೆ ಬರುತ್ತದೆ. ಹಸಿರು: ಆರಾಮ. ಹಳದಿ: ತುಂಬ್ತಾ ಇದೆ. ಕೆಂಪು: ಸಾಕು. ಮೊದಲ ವಾರ ನೀವು ನಿಮ್ಮದನ್ನು ತೋರಿಸಿ: "ಬಸ್ಸಲ್ಲಿ ನಿಂತು ಬಂದೆ, ನನಗೆ ಹಳದಿ. ಹತ್ತು ನಿಮಿಷ ಮಲಗ್ತೀನಿ." ಮಗು ಹಳದಿ ತೋರಿಸಿದ ಕೂಡಲೇ ಏನಾದರೂ ಒಂದು ಹೊರೆ ಇಳಿಯಲೇಬೇಕು. "ಇನ್ನೊಂದು ಲೆಕ್ಕ ಮುಗಿಸಿ ಹೋಗು" ಎಂದು ಎರಡು ಸಲ ಹೇಳಿದಿರೋ, ರಟ್ಟು ಮೂಲೆ ಸೇರುತ್ತದೆ.

ನಾಳೆಯ ದಿನ ಹೇಗಿರುತ್ತದೆ ಎಂದು ರಾತ್ರಿ ಬೋರ್ಡಿನಲ್ಲಿ ಬರೆಯಿರಿ; ಓದಲಾರದ ಮಗುವಿಗೆ ಚಿತ್ರ. ಬದಲಾವಣೆ ಬರಬಹುದಾದ ಜಾಗದಲ್ಲಿ ಪ್ರಶ್ನೆ ಚಿಹ್ನೆ ಹಾಕಿ. ಮದುವೆ ಮನೆಗೆ ಹೋಗುವುದಿದ್ದರೆ ಓಲಗದವರು ಕೂರುವ ಕಡೆಯಿಂದ ದೂರದ ಜಾಗ, ಇಯರ್‌ಮಫ್, ಹೊರಡುವ ಗಂಟೆ ಮೊದಲೇ ಗೊತ್ತಿರಲಿ. ಗಣೇಶನ ಮೆರವಣಿಗೆ, ದೀಪಾವಳಿ ಪಟಾಕಿ ದಿನಗಳಿಗೂ ಇದೇ.

ಹಂತ 6: ಶಾಲೆಗೆ ಮೂರೇ ಬೇಡಿಕೆ

ಪುಸ್ತಕದ ಎರಡು ವಾರದ ಪುಟಗಳನ್ನು ಹಿಡಿದು ಹೋಗಿ. ಹದಿನೈದು ಬೇಡಿಕೆಯ ಪಟ್ಟಿ ಕೊಟ್ಟರೆ 50 ಮಕ್ಕಳನ್ನು ನೋಡುವ ಟೀಚರಿಗೆ ಒಂದೂ ನೆನಪಿರುವುದಿಲ್ಲ. ದಾಖಲೆಯಲ್ಲಿ ಮತ್ತೆಮತ್ತೆ ಕಂಡ ಮೂರು ಕಾರಣ, ಅವಕ್ಕೆ ಮೂರು ಪರಿಹಾರ. ಬರಹದಲ್ಲಿ ಕೊಟ್ಟು, ತಿಂಗಳ ನಂತರ ಮತ್ತೆ ಮಾತಾಡುವ ತಾರೀಕು ಅಲ್ಲೇ ಗೊತ್ತು ಮಾಡಿ.

ಕೆಲಸಕ್ಕೆ ಬರುವ ಕೆಲವು: ಬಾಗಿಲಿನಿಂದ ದೂರ, ಗೋಡೆ ಪಕ್ಕದ ಜಾಗ. ಕಾರ್ಡು ತೋರಿಸಿದರೆ ಐದು ನಿಮಿಷ ಹೊರಗೆ ಹೋಗಿ ಬರುವ ಅನುಮತಿ. ಪ್ರಾರ್ಥನೆ ಸಾಲಿನಲ್ಲಿ ಕೊನೆಗೆ ನಿಲ್ಲುವುದು. ಟೀಚರ್ ರಜೆಯಿದ್ದರೆ ಹಿಂದಿನ ಸಂಜೆ ಒಂದು ಮೆಸೇಜು. ಡಿಸ್ಲೆಕ್ಸಿಯಾ (ಬುದ್ಧಿ ಇದ್ದರೂ ಓದು-ಬರಹ ಕಷ್ಟವಾಗುವುದು) ಇರುವ ಮಗುವನ್ನು ಏಕಾಏಕಿ ಎಬ್ಬಿಸಿ ಜೋರಾಗಿ ಓದಿಸದಿರುವುದು. ಎಡಿಎಚ್‌ಡಿ ಮಗುವಿನ ಆಟದ ಪೀರಿಯಡ್ಡನ್ನು ಶಿಕ್ಷೆಯಾಗಿ ಕಿತ್ತುಕೊಳ್ಳದಿರುವುದು.

ವಾರ್ಷಿಕೋತ್ಸವ, ಆಗಸ್ಟ್ 15ರ ಡ್ರಿಲ್ ಅಭ್ಯಾಸದ ವಾರಗಳು ಅತಿ ಕಷ್ಟದವು. ಬಿಸಿಲು, ಬ್ಯಾಂಡು, ಕಾಯುವಿಕೆ ಮೂರೂ ಸೇರುತ್ತವೆ. ಅಭ್ಯಾಸದ ಅವಧಿ ಅರ್ಧಕ್ಕೆ ಇಳಿಸಿ ಎಂದು ಮುಂಚೆಯೇ ಕೇಳಿ.

ಕಾನೂನು ನಿಮ್ಮ ಕಡೆಗಿದೆ. ಶಿಕ್ಷಣ ಹಕ್ಕು ಕಾಯ್ದೆ 2009ರ ಸೆಕ್ಷನ್ 17 ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ 21 ವಿಧಗಳ ಪಟ್ಟಿಯಲ್ಲಿ ಆಟಿಸಂ, ನಿರ್ದಿಷ್ಟ ಕಲಿಕಾ ನ್ಯೂನತೆ (ಡಿಸ್ಲೆಕ್ಸಿಯಾದಂಥವು) ಎರಡೂ ಇವೆ. ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಜೊತೆಗೆ ಕಲಿಕಾ ನ್ಯೂನತೆ ಇದೆಯೇ ಎಂದು ಪರೀಕ್ಷೆ ಮಾಡಿಸುವುದು ಅದಕ್ಕೇ ಮುಖ್ಯ. ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡಿಗೆ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಎಂಟು-ಒಂಬತ್ತನೇ ತರಗತಿಯಲ್ಲೇ ಅರ್ಜಿ ಹಾಕಿ. ಪಬ್ಲಿಕ್ ಪರೀಕ್ಷೆಯ ಹೆಚ್ಚುವರಿ ಸಮಯ, ಬರೆಯುವವರ ಸಹಾಯ ಇವಕ್ಕೆ ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ ಬರುವ ಹೊತ್ತಿಗೆ ಓಡಾಡಿದರೆ ತಡವಾಗಿರುತ್ತದೆ.

ಹಂತ 7: ತಜ್ಞರನ್ನು ಆರಿಸುವುದು

ಐದಾರು ವಾರವಾದರೂ ಸಿಡಿತ ಇಳಿಯದಿದ್ದರೆ, ಅಥವಾ ನಿದ್ದೆ, ಊಟ, ಆಟದ ಆಸೆ ಕಡಿಮೆಯಾಗುತ್ತ ಹೋದರೆ ಮನೋವೈದ್ಯರ ಬಳಿ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ವಿಭಾಗವೇ ಇದೆ. ಮಾತು, ಸಂವಹನದ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ದೂರದವರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಂದ ಶುರುಮಾಡಬಹುದು.

ಆಟಿಸಂ ಅಥವಾ ಎಡಿಎಚ್‌ಡಿ ಜೊತೆಗೆ ಆತಂಕ, ಖಿನ್ನತೆಯೂ ಬರಬಹುದು. ಅದಕ್ಕೆ ಬೇರೆಯದೇ ಚಿಕಿತ್ಸೆ ಇದೆ. ಈ ಮಾತನ್ನು ನೀವೇ ಎತ್ತಿ. ಆಪ್ತಸಮಾಲೋಚನೆ ಕೊಡುವವರಿಗೆ ಕೇಳಬೇಕಾದದ್ದು: ಮಾತಿಗೆ ಬದಲು ಚಿತ್ರ, ಬರಹ ಬಳಸುತ್ತೀರಾ? ನಡುವೆ ಬಿಡುವು ಕೊಡುತ್ತೀರಾ? ಮಗುವಿಗೆ ಇಷ್ಟವಾದ ರೈಲನ್ನೋ ಕ್ರಿಕೆಟ್ ಅಂಕಿಅಂಶವನ್ನೋ ಒಳಗೆ ತರುತ್ತೀರಾ? ತಂದೆತಾಯಿ ಕೂರಬಹುದೇ?

ಎದ್ದು ಬರಬೇಕಾದ ಸೂಚನೆಗಳೂ ಇವೆ. "ಆರು ತಿಂಗಳಲ್ಲಿ ಆಟಿಸಂ ಪೂರ್ತಿ ವಾಸಿ" ಎಂಬ ಭರವಸೆ, ಆಟಿಸಂಗೆ ಸ್ಟೆಮ್ ಸೆಲ್ ಚುಚ್ಚುಮದ್ದು, ದೇಹದಿಂದ ಲೋಹ ತೆಗೆಯುತ್ತೇವೆಂದು ಕೊಡುವ ಔಷಧ, ಬಲವಂತವಾಗಿ ಗಲ್ಲ ಹಿಡಿದು ಕಣ್ಣಲ್ಲಿ ಕಣ್ಣಿಟ್ಟು ನೋಡಿಸುವುದು, ಬಾಗಿಲು ಹಾಕಿಕೊಂಡು ಒಳಗೆ ಏನು ನಡೆಯಿತೆಂದು ಹೇಳದಿರುವುದು. ಥೆರಪಿ ದಿನ ಬೆಳಿಗ್ಗೆಯಿಂದಲೇ ಮಗುವಿಗೆ ಹೊಟ್ಟೆನೋವು ಬರುತ್ತಿದ್ದರೆ ಅದನ್ನೂ ಪುಸ್ತಕದಲ್ಲಿ ಬರೆದು, ಕಾರಣ ಕೇಳಿ.

ಹಂತ 8: ಹದಿಹರೆಯದವರಿಗೆ ಬೇರೆ ಮಾತು

ಹತ್ತನೆಯ ತರಗತಿ, ಪಿಯುಸಿ ಹೊತ್ತಿಗೆ ಮಕ್ಕಳಿಗೆ ತಾವು ಬೇರೆ ಎಂಬುದು ಚೆನ್ನಾಗಿ ಗೊತ್ತಿರುತ್ತದೆ, ಯಾಕೆಂದು ಗೊತ್ತಿರುವುದಿಲ್ಲ. ಆ ಖಾಲಿ ಜಾಗವನ್ನು "ದಡ್ಡ", "ಸೋಂಬೇರಿ" ಎಂಬ ಮಾತುಗಳು ತುಂಬುತ್ತವೆ. ರೋಗನಿರ್ಣಯವನ್ನು ಅವರಿಂದ ಮುಚ್ಚಿಡಬೇಡಿ. ನೆಂಟರಿಲ್ಲದ ದಿನ, ಜೊತೆಗೆ ನಡೆಯುತ್ತಲೋ ಸ್ಕೂಟರಿನಲ್ಲಿ ಕೂತೋ, ಎದುರುಬದುರಾಗಿ ಅಲ್ಲ, ಹೇಳಿ: "ನಿನಗೆ ಸದ್ದು ಯಾಕೆ ಇಷ್ಟು ಕಷ್ಟ, ಒಂದೇ ವಿಷಯ ಇಷ್ಟು ಆಳವಾಗಿ ಹೇಗೆ ಗೊತ್ತು ಅನ್ನೋದಕ್ಕೆ ಒಂದು ಹೆಸರಿದೆ." ಐದು ನಿಮಿಷ ಸಾಕು. ಪ್ರಶ್ನೆಗಳು ವಾರಗಟ್ಟಲೆ ಬಿಟ್ಟು ಬಿಟ್ಟು ಬರುತ್ತವೆ. ಯಾರಿಗೆ ಹೇಳಬೇಕು, ಯಾರಿಗೆ ಬೇಡ ಎಂಬುದನ್ನು ಅವರೇ ನಿರ್ಧರಿಸಲಿ.

ಮಾತಾಡಲು ಕಷ್ಟವಾದರೆ ವಾಟ್ಸಾಪ್‌ನಲ್ಲಿ ಬರೆಯಲಿ. ಪಕ್ಕದ ಕೋಣೆಯಲ್ಲಿದ್ದರೂ ಸರಿ. ನೀವೂ ಅಲ್ಲೇ ಉತ್ತರ ಕೊಡಿ. "ಬಾಯಿಬಿಟ್ಟು ಹೇಳು" ಎಂದು ಒತ್ತಾಯಿಸಿದರೆ ಆ ದಾರಿಯೂ ಮುಚ್ಚುತ್ತದೆ.

ಹಂತ 9: ಇಳಿಸಿದ್ದನ್ನು ಮತ್ತೆ ಸೇರಿಸುವುದು

ಎರಡು ಮೂರು ವಾರ ಸತತವಾಗಿ ಸಿಡಿತ ಕಡಿಮೆಯಾಗಿ, ಮಗು ತಾನಾಗಿಯೇ ಆಟಿಕೆಯೋ ಪುಸ್ತಕವೋ ಕೈಗೆತ್ತಿಕೊಳ್ಳುತ್ತಿದ್ದರೆ ಮಾತ್ರ ಈ ಹಂತ. ಒಂದು ಸಲಕ್ಕೆ ಒಂದನ್ನೇ ಸೇರಿಸಿ: ಮೊದಲು 15 ನಿಮಿಷ ಓದು, ಹತ್ತು ದಿನ ಸರಿಹೋದರೆ ವಾರಕ್ಕೆರಡು ದಿನ ಟ್ಯೂಷನ್, ಆಮೇಲೆ ನೆಂಟರ ಮನೆ. ಶಾಲೆಯನ್ನೇ ಬಿಟ್ಟಿದ್ದ ಮಗುವಾದರೆ ಗೇಟಿನವರೆಗೆ ಹೋಗಿ ಬರುವುದರಿಂದ ಶುರುಮಾಡಿ. ನಂತರ ಇಷ್ಟದ ಒಂದು ಪೀರಿಯಡ್ಡು, ನಂತರ ಅರ್ಧ ದಿನ. ಒಂದು ಒಳ್ಳೆಯ ದಿನ ಕಂಡು ಮರುದಿನವೇ ಇಡೀ ದಿನಕ್ಕೆ ಕಳಿಸುವುದು ಇಲ್ಲಿ ಎಲ್ಲರೂ ಮಾಡುವ ತಪ್ಪು.

ಮತ್ತೆ ನಿದ್ದೆ ಕೆಟ್ಟರೆ, ಡಬ್ಬಿ ತುಂಬಿಯೇ ಬಂದರೆ, ಭಾನುವಾರ ಸಂಜೆ ಹೊಟ್ಟೆನೋವು ಶುರುವಾದರೆ ಕೊನೆಗೆ ಸೇರಿಸಿದ್ದನ್ನು ಮೊದಲು ತೆಗೆಯಿರಿ, ಪುಸ್ತಕ ಮತ್ತೆ ಬರೆಯಲು ಶುರುಮಾಡಿ. ಒಂದು ವಾರದೊಳಗೆ ಸುಧಾರಿಸದಿದ್ದರೆ ಹಂತ 3ಕ್ಕೆ ಹಿಂದಿರುಗಿ.